ಸೈಲೆನ್ಸರ್ ಒಣಗಿಸಲು ಬಾಣಾವರಕ್ಕೆ

2001ರ ಆಗಸ್ಟ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಎಂಟೂವರೆಯ ಸುಮಾರಿಗೆ, ಅರಸೀಕೆರೆಯ ನಮ್ಮ ಮನೆಯಲ್ಲಿ ಅಪ್ಪ ತೀರಿಕೊಂಡರು. ಆ ಹೊತ್ತಿಗೆ ನಾನು ಅವರ ಕಾರಿನಲ್ಲಿ ಬಾಣಾವರದಿಂದ ವಾಪಸು ಬರುತ್ತಿದ್ದೆ. ಬಾಣಾವರದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಕಾರು ಐವತ್ತರ ದಶಕದ್ದು. ಅರೇಹಳ್ಳಿ ಕಡೆಯ ಕಾಫಿ ತೋಟದವರಿಂದ ಅಪ್ಪ ಕೊಂಡಿದ್ದರು. ಅದರ ಬಿಡಿಭಾಗಗಳು ಎಲ್ಲೂ ಸಿಗುತ್ತಿರಲಿಲ್ಲ. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ ಮೇಲೆ ಅವರು ನನ್ನನ್ನು ಕೇಳಿದ್ದು ಒಂದೇ: ದಿನಾ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡು, ಮಲಗಿದಲ್ಲೇ ಕೇಳ್ತೀನಿ. ನಾನು ಶಾಲೆಗೆ ಪಾಠ ಮಾಡಲು ಹೊರಡುವ ಮುನ್ನ ಎರಡು ನಿಮಿಷ ಎಂಜಿನ್ ಓಡಿಸುತ್ತಿದ್ದೆ. ಆ ಸದ್ದು ಕೇಳುವವರೆಗೆ ಅವರು ಕಾಫಿ ಮುಟ್ಟುತ್ತಿರಲಿಲ್ಲ. ನಿಲ್ಲಿಸಿದ ಮೇಲೆ, ತೇವ ಒಳಗೆ ಹೋಗದಿರಲಿ ಎಂದು ಹೊಗೆ ಕೊಳವೆಯ ಬಾಯಿಗೆ ಬಟ್ಟೆ ತುರುಕುತ್ತಿದ್ದೆ. ಅದು ನನ್ನದೇ ಯೋಚನೆ.

ಹತ್ತು ತಿಂಗಳಿಗೆ ಎಂಜಿನ್ ಸದ್ದು ಒಡೆದು ಕರ್ಕಶವಾಯಿತು. ಮೆಕ್ಯಾನಿಕ್ ಬಂದು ಕಾರಿನಡಿ ನುಸುಳಿ ಸೈಲೆನ್ಸರ್ ಮೇಲೆ ಬೆರಳಾಡಿಸಿದ. ಬೆರಳು ಒಳಗೇ ಹೋಯಿತು. ಬಟ್ಟೆ ಎಳೆದು ಹಿಂಡಿದ. ಕಪ್ಪು ನೀರು ಸುರಿಯಿತು.

“ಹೊರಗಡೆಯಿಂದ ಏನೂ ಆಗಿಲ್ಲ ಮೇಡಮ್ಮೋರೆ. ತುಕ್ಕು ಒಳಗಿಂದ ತಿಂದೈತೆ.”

“ದಿನಾ ಸ್ಟಾರ್ಟ್ ಮಾಡ್ತಿದ್ದೀನಲ್ಲಪ್ಪ.”

“ಮಾಡಿದ್ದಕ್ಕೇ ಹಿಂಗಾಗಿರೋದು. ಎಂಜಿನ್ ಓಡಿದ್ರೆ ಹೊಗೆ ಜೊತೆ ನೀರೂ ಬರ್ತೈತೆ. ಎರಡು ನಿಮಿಷಕ್ಕೆ ಅದು ಆರಲ್ಲ. ಅದರ ಮೇಲೆ ನೀವು ಬಾಯಿ ಬೇರೆ ಕಟ್ಟಿದ್ದೀರ. ಒದ್ದೆ ಮೈಗೆ ಸ್ವೆಟರ್ ಹಾಕ್ದಂಗಾಯ್ತು.”

ತಗಡು ಹಾಕಿ ಬೆಸುಗೆ ಮಾಡಿದ. ತಗ್ಗಿನ ತುದಿಯಲ್ಲಿ ನೀರು ಇಳಿಯಲು ಸಣ್ಣ ತೂತು ಕೊರೆದ. ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ, ಇಲ್ಲ ಮುಟ್ಟಲೇಬೇಡಿ ಎಂದು ಹೇಳಿ ಹೋದ.

ಅಪ್ಪನಿಗೆ, ಕಲ್ಲು ತಾಗಿ ತೂತಾಯಿತು ಎಂದೆ.

“ಶೆಡ್ ಬಿಟ್ಟು ಆಚೆಗೇ ಹೋಗಿಲ್ಲ,” ಎಂದರು ತೊದಲುತ್ತಾ. “ಕಲ್ಲು ನಡ್ಕೊಂಡು ಬಂತೇನೇ?”

ಇದ್ದದ್ದನ್ನು ಹೇಳಿದೆ.

“ನಾಳೆಯಿಂದ ಬೇಡ. ಪ್ರತಿ ಭಾನುವಾರ ಬಾಣಾವರಕ್ಕೆ ಹೋಗಿ ಬಾ, ಒಂದು ಗಂಟೆ ಆಗುತ್ತೆ.”

“ನೀವು ದಿನಾ ಆ ಸದ್ದಿಗೆ ಕಾಯ್ತೀರಲ್ಲಪ್ಪ.”

“ಸೈಲೆನ್ಸರ್ ಹೋದ್ರೆ ಇನ್ನೊಂದು ಸಿಗಲ್ಲ ಕಣೇ.”

ಎದ್ದು ಕೂರಲಾಗದವರನ್ನು ಕಾರಿನಲ್ಲಿ ಕರೆದೊಯ್ಯುವಂತಿರಲಿಲ್ಲ. ಹದಿನಾಲ್ಕು ಭಾನುವಾರ ಒಬ್ಬಳೇ ಹೋಗಿ ಬಂದೆ. ಉಳಿದ ಆರು ದಿನ ಬೆಳಿಗ್ಗೆ ಮನೆಯಲ್ಲಿ ಸದ್ದಿರಲಿಲ್ಲ. ಕಾಫಿ ಆರಿಹೋಗುತ್ತಿತ್ತು, ಅಮ್ಮ ಮತ್ತೆ ಬಿಸಿ ಮಾಡುತ್ತಿದ್ದರು.

ಹದಿನೈದನೆಯ ಭಾನುವಾರ ನಾನು ಹೊರಟ ಮೇಲೆ ಅಪ್ಪ ಎರಡು ಸಲ “ಬಂದಳಾ?” ಎಂದು ಕೇಳಿದರಂತೆ. ಮೂರನೆಯ ಸಲ ಕೇಳಲಿಲ್ಲ ಎಂದು ಅಮ್ಮ ಹೇಳಿದರು. ನಾನು ಬಂದಾಗ ಬಾಗಿಲಲ್ಲಿ ಅಕ್ಕಪಕ್ಕದವರು ನಿಂತಿದ್ದರು.

2004ರಲ್ಲಿ ಕಾರನ್ನು ಬೇಲೂರಿನವರೊಬ್ಬರಿಗೆ ಕೊಟ್ಟೆವು. 2008ರಲ್ಲಿ ಹಳೇಬೀಡಿನಲ್ಲಿ ಅವರು ಸಿಕ್ಕರು. ಕಾರು ಓಡುತ್ತಿದೆ, ಸೈಲೆನ್ಸರ್ ಇನ್ನೂ ಬದಲಾಯಿಸಿಲ್ಲ ಎಂದರು.