ಏಳು ಯಜಮಾನರ ಎಮ್ಮೆ

ಎಂಬತ್ತರ ದಶಕದಲ್ಲಿ ನಾನು ಚಿಕ್ಕೋಡಿಯಲ್ಲಿ ಸಹಕಾರಿ ಸಂಘಗಳ ಆಡಿಟರ್ ಆಗಿದ್ದೆ. ಲೆಕ್ಕದಲ್ಲಿ ಹುಲಿ, ದನಕರುಗಳ ವಿಷಯದಲ್ಲಿ ಶುದ್ಧ ದಡ್ಡ. ಕಪ್ಪಗಿದ್ದರೆ ಎಮ್ಮೆ, ಬೆಳ್ಳಗಿದ್ದರೆ ಆಕಳು, ಅಷ್ಟೇ ನನ್ನ ಜ್ಞಾನ.

ಏಕಸಂಬಿಯ ಆಚೆಗಿನ ಒಂದು ಹಳ್ಳಿಯ ಸಂಘ ಏಳು ಮಂದಿಗೆ ಎಮ್ಮೆ ಕೊಳ್ಳಲು ಸಾಲ ಕೊಟ್ಟಿತ್ತು. ಆ ಏಳನ್ನೂ ನಾನು ಕಣ್ಣಾರೆ ನೋಡಿ ಬರಬೇಕಿತ್ತು. ಸಂಘದ ಸೆಕ್ರೆಟರಿ ಬಿಳಿ ಟೋಪಿ ಸರಿಮಾಡಿಕೊಂಡು ಮುಂದೆ ನಡೆದ. ಆ ಕಡೆ ಮನೆಗೆ ಬಂದವರಿಗೆ ಚಹಾ ಕೊಡದೆ ಕೆಲಸದ ಮಾತೆತ್ತುವುದಿಲ್ಲ. ಬೇಡವೆಂದರೆ ಮನೆಯವರ ಮೋರೆ ಸಣ್ಣದಾಗುತ್ತದೆ. ಮೊದಲ ಮನೆಯಲ್ಲಿ ಚಹಾ ಮುಗಿಸಿ ಹಿತ್ತಲಿಗೆ ಹೋದರೆ ಕೆಂಪು ಕೋಡಿನ ಎಮ್ಮೆ. ಎರಡನೆಯ ಮನೆಯಲ್ಲೂ ಚಹಾ, ಆಮೇಲೆ ನೀಲಿ ಕೋಡಿನ ಎಮ್ಮೆ. ಮೂರನೆಯದಕ್ಕೆ ಕೊರಳಲ್ಲಿ ಗಂಟೆ, ಹಣೆಗೆ ಭಂಡಾರದ ಅರಿಸಿನ. ಎಂಥ ಹೌಸಿನ, ಶೋಕಿಯ ಜನರಪ್ಪಾ ಎಂದು ಮೆಚ್ಚಿಕೊಂಡೆ. ಎಲ್ಲವೂ ಯಾಕೋ ತೇಕುತ್ತಿದ್ದವು. ಬಿಸಿಲಿರಬೇಕು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನಾಲ್ಕನೆಯ ಚಹಾ ಮುಗಿಸಿ, ಹಳದಿ ಕೋಡಿನ ಎಮ್ಮೆ ನೋಡಿದಮೇಲೆ ತಡೆಯಲಾಗದೆ ಗೋಡೆಯ ಮರೆಗೆ ಓಡಿದೆ. ಅಲ್ಲೊಬ್ಬ ಮುದುಕಿ ಕಾದು ನಿಂತಿದ್ದಳು. ನಾಚಿ ತಿರುಗುವಷ್ಟರಲ್ಲಿ ಪಿಸುಗುಟ್ಟಿದಳು.

“ಸಾಹೇಬರ, ಮುಂದಿನ ಮನ್ಯಾಗ ಚಹಾ ಕುಡೀಬ್ಯಾಡ್ರಿ, ಸೀದಾ ಹಿತ್ತಲಕ್ಕ ಹೋಗ್ರಿ. ಎಲ್ಲಾ ಕಡೆ ತೋರಸೂದು ನನ್ನ ಒಂದ ಎಮ್ಮಿರಿ. ಗಬ್ಬ ಐತಿ, ಓಡಿಸಿ ಓಡಿಸಿ ಕೊಲ್ಲಾಕತ್ತಾರ.”

ಆಕೆ ಸೆಕ್ರೆಟರಿಯ ಹೊಲದಲ್ಲೇ ಕೂಲಿಯವಳು. ತಾನು ಹೇಳಿದೆನೆಂದು ಗೊತ್ತಾದರೆ ಹೊಟ್ಟೆಗೆ ಕಲ್ಲು ಬೀಳುತ್ತದೆ ಎಂದು ಕೈ ಮುಗಿದು ಮರೆಯಾದಳು.

ಐದನೆಯ ಮನೆಯಲ್ಲಿ ನಾನು ಚಹಾ ಬೇಡವೆಂದೆ. ಸೆಕ್ರೆಟರಿ ಅರ್ಧ ಕಪ್ಪಾದರೂ ಅಂದ, ಒಂದು ಗುಟುಕಾದರೂ ಅಂದ, ಕೊನೆಗೆ ಬರೀ ವಾಸನೆಯನ್ನಾದರೂ ತಗೊಳ್ಳಿ ಎಂಬಂತೆ ಚಹಾ ಸುರಿದ ಬಸಿಯನ್ನು ನನ್ನ ಮೂಗಿಗೆ ಹಿಡಿದ. ನಾನು ಹಿತ್ತಲಿಗೆ ನುಗ್ಗಿದೆ. ಗೂಟ ಖಾಲಿ. ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಒಬ್ಬ ಎಮ್ಮೆಯನ್ನು ದರದರ ಎಳೆದುಕೊಂಡು ಬಂದ, ಇನ್ನೊಬ್ಬ ಬಣ್ಣದ ಡಬ್ಬಿ ಹಿಡಿದು ಬೆನ್ನು ಹತ್ತಿದ್ದ. ಒಂದು ಕೋಡು ಹಸಿರು, ಇನ್ನೊಂದು ಇನ್ನೂ ಹಳದಿ.

ಎಮ್ಮೆ ಮೊಣಕಾಲೂರಿ ಕುಸಿಯಿತು. ಎಳೆಯುತ್ತಿದ್ದವನು ಬಡಿಗೆ ಎತ್ತಿದ. ಕೂಲಿ ಹೋದೀತೆಂಬ ಭಯವೆಲ್ಲ ಎಲ್ಲಿ ಹೋಯಿತೋ, ಮುದುಕಿ ಮಂದಿಯನ್ನು ನೂಕಿಕೊಂಡು ಬಂದು ಎಮ್ಮೆಯ ಕೊರಳಿಗೆ ಬಿದ್ದಳು.

ಮುದುಕಿಗೆ ತಲೆ ಕೆಟ್ಟಿದೆ ಎಂದ ಸೆಕ್ರೆಟರಿ. ಸಾಲ ಪಡೆದ ಏಳು ಮಂದಿಯನ್ನೂ ಅಲ್ಲಿಗೇ ಕರೆಸಿ ಇದು ಯಾರದೆಂದು ಕೇಳಿದೆ. ಇಲ್ಲವೆಂದರೆ ಪೂರ್ತಿ ಸಾಲ ಕೂಡಲೇ ಕಟ್ಟಬೇಕಾದೀತೆಂದು ಒಬ್ಬೊಬ್ಬನೂ ತನ್ನದೇ ಎಂದ. ನನಗೆ ಪಿತ್ತ ನೆತ್ತಿಗೇರಿತು.

“ಆತು. ಎಮ್ಮಿ ಈ ಅವ್ವನ ಗೂಟದಾಗ ಇರತೈತಿ. ಮೇವು ನೀವು ಏಳೂ ಮಂದಿ ಹಾಕ್ರಿ. ಹೊಟ್ಟ್ಯಾಗಿನ ಕರಕ್ಕ ಏನರ ಆದ್ರ ಏಳೂ ಮಂದಿ ಜೇಲಿಗೆ.”

ಅಂಥ ಕಾನೂನು ಎಲ್ಲಿಯೂ ಇಲ್ಲ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು. ಆದರೆ ನಂಬಿದರು. ನನ್ನ ವರದಿಯಿಂದ ಸೆಕ್ರೆಟರಿಯ ಕೆಲಸ ಹೋಯಿತು.

ತನಿಖೆಗೆಂದು ಮತ್ತೆ ಹೋದ ದಿನವೇ ಎಮ್ಮೆ ಈಯಿತು. ಏಳೂ ಯಜಮಾನರು ಹಸಿ ಮೇವು, ಬಿಸಿನೀರು ಹಿಡಿದು, ಹೆರಿಗೆ ಕೋಣೆಯ ಮುಂದಿನ ಗಂಡಂದಿರ ಹಾಗೆ ನಿಂತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಮುದುಕಿ ಕರುವಿನ ಮೈ ಒರೆಸುತ್ತ ಅವರನ್ನೊಮ್ಮೆ ನೋಡಿದಳು.

“ನನ್ನ ಗಂಡ ಸತ್ತಾಗ ಹೊರಾಕ ನಾಕ ಮಂದಿ ಸಿಕ್ಕಿರಲಿಲ್ರಿ, ಸಾಹೇಬರ.”