ಮಲ್ಲಣ್ಣನ ಸಮುದ್ರದ ಬೂಷ್ಟ

ನಂಬಲ್ಲಂದ್ರ ಬಿಡ್ರಿ, ಕಲಬುರಗಿಯಾಗ ಸಮುದ್ರ ಸಾಕಿದ ಮನುಷ್ಯಾ ಒಬ್ಬಾಂವ ಇದ್ದ. ಕಾಲೇಜಿನ ಲ್ಯಾಬಿನಾಗ, ಉಪ್ಪುನೀರಿನ ಬಾಟ್ಲಿಯೊಳಗ. ಕಮಲಾಪುರದ ಮಲ್ಲಣ್ಣ, ನನ್ನ ಜೋಡಿ ಕೆಮಿಸ್ಟ್ರಿ ಮಾಸ್ತರ.

ರಜಾದಾಗ ಮಂದಿ ಗೋವಾಕ್ಕ ಮಜಾ ಮಾಡ್ಲಕ ಹೋದ್ರ, ಇಂವಾ ಸಮುದ್ರದ ದಂಡಿಮ್ಯಾಲಿನ ಕೊಳೆತ ಕಟಗಿ ಚೀಲದಾಗ ತುಂಬ್ಕೊಂಡು ಬರಾಂವ. ಅದರಾಗಿನ ಬೂಷ್ಟ ಗಾಜಿನ ತಟ್ಟಿಯಾಗ ಬೆಳಸಾಂವ, ಅದು ಬಿಡೋ ರಸದಾಗ ಔಷಧ ಹುಡುಕಾಂವ. ಮಾತಾಡಿಸಾಂವ ಬ್ಯಾರೆ: "ಏನವಾ, ಇವತ್ತರೆ ಏನರೆ ಕೊಡ್ತಿಯಿಲ್ಲ?" ನಮ್ಮ ಮನ್ಯಾಗ ಉಪ್ಪಿನಕಾಯಿಗಿ ಬೂಷ್ಟ ಹಿಡದ್ರ ಬೈಗುಳ, ಇವನ ಬೂಷ್ಟಕ್ಕ ಪ್ರಿನ್ಸಿಪಾಲರ ಶಾಬಾಶ್‌ಗಿರಿ! ಪಾಠ ಹೇಳಾದ್ರಾಗ ನನ್ನ ಮುಂದ ಅಂವಾ ಏನೂ ಅಲ್ಲ, ಬೇಕಾದ್ರ ಯಾರಿಗರೆ ಕೇಳ್ರಿ. ಆದ್ರ ಹುಡುಗ್ರು ಅವನ ಹಿಂದೇ ತಿರುಗಾವ್ರು. ನಾ ನೋಡಿ ಉರ್ಕೊಳ್ಳಾಂವ.

ಒಂದಿನ ಊರಿಂದ ಕೆಂಪು ಬಾಳೆಹಣ್ಣು ತಂದುಕೊಟ್ಟ. "ತಿನ್ನಲೇ, ಬರೇ ಉರ್ಕೊಂಡು ಒಣಗೀದಿ" ಅಂದ. ಸಿಟ್ಟಿಗಿ ತಿನ್ನಲಿಲ್ಲ, ಅದು ಕೊಳೆತು ಬೂಷ್ಟ ಹಿಡೀತು. ಅಂವಾ ಚಾ ಕುಡೀಲಕ ಹೋದಾಗ ಆ ಬೂಷ್ಟ ಕಡ್ಡೀಲೆ ತಗೊಂಡು ಅವನ ಪ್ರೀತಿಯ ತಟ್ಟಿಗಿ ಸವರಿಬಿಟ್ಟೆ. ಕೆಡ್ಲಿ ಅಂತ.

ಎಂಟು ದಿನಕ್ಕ ಮಲ್ಲಣ್ಣ ಚೀರಿದ. ನಾ ನಗೋ ತಯಾರಿಯೊಳಗೇ ಓಡಿದೆ. ನೋಡ್ತೀನಿ, ಸಮುದ್ರದ ಬೂಷ್ಟ ನನ್ನ ಬಾಳೆ ಬೂಷ್ಟಕ್ಕ ಹತ್ರ ಬರ್ಲಕ ಬಿಡವಲ್ದು. ನಡುವ ಹಳದಿ ರಸ ಉಗುಳ್ಯದ!

"ವೈರಿ ಬಂದಾನಂತ ಹೊಸಾದು ಹುಟ್ಟಿಸ್ಯದಲೇ!" ಅಂದ ಮಲ್ಲಣ್ಣ. "ಇಷ್ಟು ವರ್ಷ ಒಂಟಿ ಇಟ್ಟು ಸಾಕಿದ್ನಿ, ಅದಕ್ಕೇ ಸುಮ್ನಿತ್ತು."

ಆ ರಸದಾಗಿನ ವಸ್ತು ಅದಕ್ಕ ಮೊದಲ ಯಾರೂ ಕಂಡಿರಲಿಲ್ಲಂತ. ದೊಡ್ಡ ಪತ್ರಿಕಿಯಾಗ ಅವನ ಹೆಸರು ಬಂತು. ಕಿತಾಪತಿ ನಂದು, ಹಾರ ಅವಂಗ!

ಎಷ್ಟೋ ವರ್ಷದ ಮ್ಯಾಲ ಕಮಲಾಪುರಕ್ಕ ಅವನ್ನ ನೋಡ್ಲಕ ಹೋದಾಗ ಹಾಸಿಗಿ ಹಿಡಿದಿದ್ದ. "ಆ ತಟ್ಟಿಗಿ ಬ್ಯಾರೆ ಬೂಷ್ಟ ಹೆಂಗ ಬಂತೋ ಇನ್ನಾ ತಿಳಿದಿಲ್ಲಲೇ. ನನ್ನ ಕೈನೇ ಹೊಲಸಿತ್ತು ಕಾಣ್ತದ" ಅಂದ. ನಾ ಎಲ್ಲಾ ಹೇಳಿಬಿಟ್ಟೆ. ಕೆಮ್ಮು ಬರೋತನ ನಕ್ಕ. "ಹಂಗಾರ ಅರ್ಧಾ ನಿಂದೇ ಅಲ್ಲೇನೋ ಕಳ್ಳಾ!" ಅಂದ. ಎರಡು ವಾರಕ್ಕ ಹೋಗಿಬಿಟ್ಟ.

ಇದರಾಗ ಒಂದೇ ಸುಳ್ಳದ. ನಾ ಹೇಳಿದ್ದು, ಅಂವಾ ನಕ್ಕಿದ್ದು, ಅದು ಆಗಲೇ ಇಲ್ಲ. ಬಾಯಿತನ ಬಂದಿತ್ತು. ಆದ್ರ ಹೇಳಿದ್ರ ಅಂವಾ ಖರೇನೇ ಅರ್ಧಾ ಕೊಟ್ಟುಬಿಡ್ತಿದ್ದ, ಅದಕ್ಕೂ ಮತ್ತ ಉರ್ಕೊಬೇಕಿತ್ತು ನಾ. "ಹೌದು, ನಿನ್ನ ಕೈನೇ ಹೊಲಸು" ಅಂದು ಎದ್ದು ಬಂದೆ.