ಪುಕ್ಕಟೆ ಸಿಕ್ಕ ಚೀಸು

ಟ್ರೂರೊ ಪಟ್ಟಣದ ಎಲ್ವುಡ್ ಮೆಕೈಸಾಕ್ ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು. ಯಾರೊಂದಿಗೂ ಜಗಳಕ್ಕೆ ನಿಂತವನಲ್ಲ. ಹೆಂಡತಿ ಮ್ಯುರಿಯಲ್ ಅದಕ್ಕೆ ತದ್ವಿರುದ್ಧ. ಅವರು ದಿನಸಿ ತರುತ್ತಿದ್ದ ಅಂಗಡಿಯ ಬಾಗಿಲಲ್ಲೇ ನಿಯಮ ಅಂಟಿಸಿದ್ದರು: ಕಪಾಟಿನ ಚೀಟಿಗಿಂತ ಗಲ್ಲಾದ ಯಂತ್ರ ಹೆಚ್ಚು ಬೆಲೆ ತೋರಿಸಿದರೆ, ಹತ್ತು ಡಾಲರಿನೊಳಗಿನ ಪದಾರ್ಥ ಪುಕ್ಕಟೆ. ಜನ ನೋಡಿಯೂ ನೋಡದಂತೆ ಹೋಗುತ್ತಿದ್ದರು. ಮ್ಯುರಿಯಲ್ ಮಾತ್ರ ಸಾಸಿವೆ, ಕಾಫಿಪುಡಿ, ಒಮ್ಮೆ ಇಡೀ ಕೋಳಿಯನ್ನೇ ಹಾಗೆ ಗಿಟ್ಟಿಸಿದ್ದಳು. ಅವಳು ವಾದಕ್ಕಿಳಿದಾಗ ಎಲ್ವುಡ್ ಗುರುತಿಲ್ಲದವನ ಹಾಗೆ ದೂರ ಸರಿಯುತ್ತಿದ್ದ.

ಫೆಬ್ರವರಿಯಲ್ಲಿ ಅವಳು ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಳು. ಸಾಮಾನು ತರುವ ಕೆಲಸ ಎಲ್ವುಡ್‌ನ ತಲೆಗೆ ಬಂತು.

ಮೊದಲ ಸಲವೇ ಚೀಸಿನ ಬೆಲೆ ಯಂತ್ರದಲ್ಲಿ ಒಂದೂವರೆ ಡಾಲರ್ ಹೆಚ್ಚು ಬಂತು. ಎಲ್ವುಡ್ ಅದನ್ನು ಗಮನಿಸಿದ. ಹಿಂದೆ ಸಾಲು ಬೆಳೆದಿತ್ತು. ಬಾಯಿಬಿಡದೆ ದುಡ್ಡು ಕೊಟ್ಟು ಬಂದ.

ಮ್ಯುರಿಯಲ್ ಬಿಲ್ಲು ನೋಡಿದಳು. "ಇದು ಎಂಟು ಡಾಲರಿನ ಚೀಸಲ್ವಾ?"

"ಹೌದು. ನೋಡ್ದೆ."

"ನೋಡಿಯೂ ಸುಮ್ನೆ ಬಂದ್ಯಾ? ಬಾಯಲ್ಲೇನು ಕಡುಬಿತ್ತಾ?"

"ಒಂದೂವರೆ ಡಾಲರಿಗೆ ಮಾನ ಕಳ್ಕೊಳ್ಳೋದಾ?"

"ತಪ್ಪು ಅವರದ್ದು, ಮಾನ ನಿಂದು ಹೋಗುತ್ತಾ? ಈ ಕಾಲು ನೆಟ್ಟಗಿದ್ದಿದ್ರೆ ನಿನ್ನ ಕೇಳ್ತಾನೇ ಇರ್ಲಿಲ್ಲ."

ಆ ಮಾತು ನಾಟಿತು. ಮತ್ತೆ ಕೋಟು ಹಾಕಿಕೊಂಡ. ಅಂಗಡಿಯೆದುರು ಕಾರಿನಲ್ಲೇ ಬಹಳ ಹೊತ್ತು ಕುಳಿತ. ಕೊನೆಗೆ ಗಲ್ಲಾದ ಹುಡುಗಿಯ ಮುಂದೆ ಚೀಸು, ಬಿಲ್ಲು ಎರಡನ್ನೂ ಇಟ್ಟ.

"ಅಮ್ಮಾ, ಬೆಲೆ... ಕಪಾಟಲ್ಲಿ ಬೇರೆ ಇತ್ತು."

ಹುಡುಗಿ ಹೋಗಿ ನೋಡಿಬಂದಳು. "ಹೌದು ಸಾರ್, ತಪ್ಪು ನಮ್ದೇ. ಕ್ಷಮಿಸಿ." ಪೂರ್ತಿ ದುಡ್ಡು ಎಣಿಸಿ ಕೈಗಿಟ್ಟು ಚೀಸನ್ನೂ ಅವನತ್ತ ತಳ್ಳಿದಳು.

ಹಿಂದೆ ನಿಂತಿದ್ದ ದಪ್ಪ ಮೀಸೆಯವನು ತನ್ನ ಬುಟ್ಟಿ ಕೆದಕಿದ. "ತಡಿಯಮ್ಮ, ನಾನೂ ಅದೇ ಚೀಸು ತಗೊಂಡಿದೀನಿ!" ಎಲ್ವುಡ್‌ನ ಬೆನ್ನು ತಟ್ಟಿ, "ಒಳ್ಳೇದಾಯ್ತು ಮಾರಾಯ, ನೀನು ಬಾಯಿಬಿಟ್ಟೆ," ಅಂದ.

ಎಲ್ವುಡ್‌ನ ಕಿವಿಗಳು ಕೆಂಪಾದವು. ದುಡ್ಡು ಜೇಬಿಗಿಳಿಸಿ, ಚೀಸು ಎತ್ತಿಕೊಂಡು ಹೊರಟ.

"ಬೈದ್ರಾ?" ಮನೆಯಲ್ಲಿ ಮ್ಯುರಿಯಲ್ ಕೇಳಿದಳು.

"ಕ್ಷಮೆ ಕೇಳಿದ್ರು ಕಣೆ," ಅಂದ, ತನಗೇ ನಂಬಿಕೆ ಬಾರದವನಂತೆ.

ವಸಂತದಲ್ಲಿ ಅವಳು ಕೋಲೂರಿಕೊಂಡು ಅಂಗಡಿಗೆ ಬರತೊಡಗಿದಳು. ಈಗ ಗಲ್ಲಾದ ಬಳಿ ಎಲ್ವುಡ್ ಯಂತ್ರದಿಂದ ಕಣ್ಣು ಕೀಳುವುದಿಲ್ಲ. ಅಂಕಿ ತಪ್ಪಿದರೆ ಮೊಣಕೈಯಿಂದ ಹೆಂಡತಿಯನ್ನು ಮೆಲ್ಲಗೆ ತಿವಿಯುತ್ತಾನೆ. ಮಾತು ಮಾತ್ರ ಅವಳದೇ.